ಅಶ್ರುವಾಯುವೋ, ಖಾರದ ಸ್ಪ್ರೇಯೋ, ಪಾವಾವೋ: ಯಾವ ಜಾಗಕ್ಕೆ ಯಾವುದು?

ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿ ಒಂದು ಗಳಿಗೆ ಮೈಮರೆತರೆ ಏನಾಗುತ್ತದೆ ಅಂತ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಕಾಯಿ ಕಪ್ಪಾಗುತ್ತದೆ, ಘಾಟು ಏಳುತ್ತದೆ. ಅಡುಗೆಮನೆಯಲ್ಲಿದ್ದವರು ಕೆಮ್ಮುತ್ತಾ ಹಿತ್ತಿಲಿಗೆ ಓಡುತ್ತಾರೆ. ನಡುಮನೆಯಲ್ಲಿ ಮಲಗಿದ್ದ ಅಜ್ಜಿಗೆ ಓಡಲು ಆಗುವುದಿಲ್ಲ. ಅವರು ಅಲ್ಲೇ ಕೂತು ಕೆಮ್ಮುತ್ತಾರೆ. ಈ ಅಜ್ಜಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ನಾನು 26 ವರ್ಷ ಖಾಕಿ ಹಾಕಿದವನು. ಅದರಲ್ಲಿ ಹೆಚ್ಚಿನ ಕಾಲ ಬಂದೋಬಸ್ತ್ ಡ್ಯೂಟಿಯಲ್ಲೇ ಕಳೆಯಿತು. ನಿವೃತ್ತಿ ಆದಮೇಲೂ ಕೇಳುವವರು ಕೇಳುತ್ತಲೇ ಇರುತ್ತಾರೆ. ಹೊಸದಾಗಿ ಪಿಎಸ್‌ಐ ಆದ ಹುಡುಗ, "ಸರ್, ಸಿಎಸ್ ಒಳ್ಳೆಯದೋ ಪಾವಾ ಒಳ್ಳೆಯದೋ?" ಅಂತ ಕೇಳುತ್ತಾನೆ. (ಸಿಎಸ್ ಅಂದರೆ ಈಗ ಹೆಚ್ಚಾಗಿ ಬಳಸುವ ಅಶ್ರುವಾಯು, ಪಾವಾ ಅಂದರೆ ಕಾರ್ಖಾನೆಯಲ್ಲಿ ಮಾಡಿದ ಖಾರ.) ಜೈಲಿನಲ್ಲಿ ವಾರ್ಡರ್ ಆಗಿರುವ ನಮ್ಮ ಸಂಬಂಧಿಕರ ಹುಡುಗನಿಗೆ, ಸೊಂಟದಲ್ಲಿ ಒಂದು ಸ್ಪ್ರೇ ಡಬ್ಬಿ ಇದ್ದರೆ ಧೈರ್ಯ ಅನ್ನಿಸುತ್ತದೆ. ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಮನೆಗೆ ಹೋಗುವ ಪಕ್ಕದ ಮನೆಯ ನರ್ಸ್, "ಅಂಕಲ್, ಅಂಗಡೀಲಿ ಮೂರು ಥರ ಇದೆ, ಯಾವುದು ತಗೊಳ್ಲಿ?" ಅಂತಾಳೆ. ಮೂವರದ್ದೂ ಒಂದೇ ಪ್ರಶ್ನೆ ಅನ್ನಿಸುತ್ತದೆ, ಆದರೆ ಉತ್ತರ ಬೇರೆ ಬೇರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಡಬ್ಬಿ ನೋಡುವ ಮೊದಲು ಏನು ನೋಡಬೇಕು

ಮೊದಲನೆಯದು ಜಾಗ. ಬಯಲೋ, ನಾಲ್ಕು ಗೋಡೆಯ ಒಳಗೋ? ಹೊರಗೆ ಹೋಗಲು ದಾರಿ ಇದೆಯೋ ಇಲ್ಲವೋ? ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿಲ್ಲ. 2022ರ ಅಕ್ಟೋಬರ್ 1ರಂದು ಇಂಡೋನೇಷ್ಯಾದ ಮಲಾಂಗ್ ಊರಿನ ಕಂಜುರುಹಾನ್ ಸ್ಟೇಡಿಯಂನಲ್ಲಿ ಫುಟ್‌ಬಾಲ್ ಪಂದ್ಯ ಮುಗಿದ ಮೇಲೆ ಗಲಾಟೆ ಆಯಿತು. ಪೊಲೀಸರು ಜನ ಕೂತಿದ್ದ ಸ್ಟ್ಯಾಂಡ್‌ಗಳ ಕಡೆಗೂ ಅಶ್ರುವಾಯು ಸಿಡಿಸಿದರು. ಜನ ಗೇಟುಗಳತ್ತ ನುಗ್ಗಿದರು. ಗೇಟು ಕಿರಿದು. ತುಳಿತಕ್ಕೆ ಸಿಕ್ಕಿ, ಉಸಿರುಕಟ್ಟಿ 135 ಜನ ಸತ್ತರು. ಸ್ಟೇಡಿಯಂ ಒಳಗೆ ಇಂಥ ಗ್ಯಾಸ್ ಒಯ್ಯಲೇಬಾರದು, ಬಳಸಲೇಬಾರದು ಅಂತ ಫಿಫಾದ ಸುರಕ್ಷತಾ ನಿಯಮ ಅದಕ್ಕೂ ಮೊದಲೇ ಹೇಳಿತ್ತು. ಇನ್ನೊಂದು 2013ರ ಆಗಸ್ಟ್ 18ರದ್ದು. ಈಜಿಪ್ಟಿನ ಅಬು ಝಾಬಲ್ ಜೈಲಿನ ಹೊರಗೆ ಕೈದಿಗಳನ್ನು ತುಂಬಿಕೊಂಡು ನಿಂತಿದ್ದ ವ್ಯಾನಿನೊಳಗೆ ಅಶ್ರುವಾಯು ಬಿಟ್ಟರು. 37 ಜನ ಉಸಿರುಕಟ್ಟಿ ಸತ್ತರು. ಬಯಲಿನಲ್ಲಿ ಕಣ್ಣೀರು ತರಿಸಿ ಬಿಡುವ ವಸ್ತು, ಮುಚ್ಚಿದ ವ್ಯಾನಿನಲ್ಲಿ ಜೀವ ತೆಗೆಯಿತು.

ಎರಡನೆಯದು, ಎದುರಿಗೆ ಇರುವುದು ಒಬ್ಬನೋ, ಗುಂಪೋ? ಒಬ್ಬನಿಗೆ ತಾಗಬೇಕಾದರೆ ಗುರಿ ಇಟ್ಟು ಹೊಡೆಯುವ ವಸ್ತು ಬೇಕು. ಗುಂಪನ್ನು ಚದುರಿಸಬೇಕಾದರೆ ಹರಡುವ ವಸ್ತು ಬೇಕು. ಹರಡುವ ವಸ್ತುವಿಗೆ ತಪ್ಪಿತಸ್ಥ ಯಾರು, ಹಾಲು ತರಲು ಬಂದವನು ಯಾರು ಅಂತ ಗೊತ್ತಾಗುವುದಿಲ್ಲ.

ಮೂರನೆಯದು, ಎಷ್ಟು ಹೊತ್ತು ಉಳಿಯುತ್ತದೆ? ಮೈಮೇಲೆ ಎಷ್ಟು ಹೊತ್ತು, ಗೋಡೆ, ಹಾಸಿಗೆ, ಬಟ್ಟೆ ಮೇಲೆ ಎಷ್ಟು ದಿನ?

ನಾಲ್ಕನೆಯದು ದುಡ್ಡು. ಇಲ್ಲಿ ಎಲ್ಲರೂ ಅಶ್ರುವಾಯು ಷೆಲ್ಲಿನ ಬೆಲೆ, ಸ್ಪ್ರೇ ಡಬ್ಬಿಯ ಬೆಲೆ ನೋಡುತ್ತಾರೆ. ಮಾಸ್ಕು, ತರಬೇತಿ, ಅವಧಿ ಮೀರಿದ್ದನ್ನು ಬದಲಿಸುವುದು, ತೊಳೆಯಲು ನೀರು, ಆಂಬುಲೆನ್ಸ್, ಇವೆಲ್ಲ ಸೇರಿದ ಬೆಲೆಯೇ ನಿಜವಾದ ಬೆಲೆ.

ಬ್ರಿಟನ್ನಿನಲ್ಲಿ ಒಂದು ಒಳ್ಳೆಯ ಮಾತು ಹುಟ್ಟಿತ್ತು. 1969ರಲ್ಲಿ ಉತ್ತರ ಐರ್ಲೆಂಡಿನ ಡೆರಿ ಊರಿನ ಬಾಗ್‌ಸೈಡ್ ಬಡಾವಣೆಯಲ್ಲಿ ಸಿಎಸ್ ಬಳಸಿದರು. ಮನೆಮನೆಗೂ ಹೊಗೆ ನುಗ್ಗಿತು. ಆಮೇಲೆ ಹ್ಯಾರಲ್ಡ್ ಹಿಮ್ಸ್‌ವರ್ತ್ ಅವರ ಸಮಿತಿ ಕೂತು ಪರಿಶೀಲಿಸಿತು. ಇಂಥ ವಸ್ತುವನ್ನು ಆಯುಧಕ್ಕಿಂತ ಔಷಧಿಯ ಹಾಗೆ ನೋಡಬೇಕು ಅಂತ ಹೇಳಿತು. ಅಂದರೆ ಗಟ್ಟಿಮುಟ್ಟಾದ ಹುಡುಗರ ಮೇಲೆ ಪರೀಕ್ಷೆ ಮಾಡಿ "ಏನೂ ಆಗಲ್ಲ" ಅಂದರೆ ಸಾಲದು. ಮಗುವಿಗೆ, ಮುದುಕರಿಗೆ, ಉಬ್ಬಸ ಇದ್ದವರಿಗೆ ಏನಾಗುತ್ತದೆ ಅಂತ ಗೊತ್ತಿರಬೇಕು. ನಡುಮನೆಯ ಅಜ್ಜಿ ಅಂದೆನಲ್ಲ, ಅವರೇ.

ಸಿಎನ್ ಮತ್ತು ಸಿಆರ್: ಬೇಡ

ಇವೆರಡನ್ನು ಬೇಗ ಮುಗಿಸುತ್ತೇನೆ. ಸಿಎನ್ ಹಳೆಯ ಅಶ್ರುವಾಯು. 19ನೇ ಶತಮಾನದಲ್ಲೇ ತಯಾರಾದದ್ದು. 1960ರ ದಶಕದಲ್ಲಿ ಅಮೆರಿಕದಲ್ಲಿ 'ಮೇಸ್' ಅನ್ನುವ ಹೆಸರಿನಲ್ಲಿ ಡಬ್ಬಿಗೆ ಬಂದದ್ದು ಇದೇ. ಸಿಎಸ್‌ಗಿಂತ ವಿಷ ಜಾಸ್ತಿ, ಕೆಲಸ ಕಡಿಮೆ. ಕಣ್ಣಿಗೂ ಚರ್ಮಕ್ಕೂ ಆಗುವ ಗಾಯ ಹೆಚ್ಚು. ಹಳೆಯ ಸ್ಟಾಕ್ ಇದೆ, ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ತೋರಿಸಿದರೆ ಕೈ ಮುಗಿದು ಬನ್ನಿ.

ಸಿಆರ್ ಕೂಡ ಅಶ್ರುವಾಯುವೇ, ಆದರೆ ಇನ್ನೊಂದು ತುದಿ. ಬಹಳ ಕಡಿಮೆ ಪ್ರಮಾಣಕ್ಕೇ ಉರಿ ಹತ್ತಿಸುತ್ತದೆ, ಬಿದ್ದ ಕಡೆ ಬಹಳ ದಿನ ಉಳಿಯುತ್ತದೆ, ನೀರು ತಾಗಿದರೆ ಚರ್ಮದ ಉರಿ ಮತ್ತೆ ಏಳುತ್ತದೆ. ಊರಿನ ಬೀದಿಗೂ ಜೈಲಿನ ಬ್ಯಾರಕ್ಕಿಗೂ ಇದು ಸಲ್ಲದು.

ಸಿಎಸ್: ಗುಂಪಿಗೆ, ಬಯಲಿಗೆ

ನಾವು ದಿನಪತ್ರಿಕೆಯಲ್ಲಿ 'ಅಶ್ರುವಾಯು ಸಿಡಿಸಿದರು' ಅಂತ ಓದುವಾಗ ಈಗ ಹೆಚ್ಚಾಗಿ ಅದು ಸಿಎಸ್. ಅಮೆರಿಕದ ವರ್ಮಾಂಟ್‌ನ ಮಿಡಲ್‌ಬರಿ ಕಾಲೇಜಿನಲ್ಲಿ 1928ರಲ್ಲಿ ಕಾರ್ಸನ್ ಮತ್ತು ಸ್ಟೌಟನ್ ಅನ್ನುವ ಇಬ್ಬರು ಇದನ್ನು ತಯಾರಿಸಿದರು. ಅವರ ಹೆಸರಿನ ಮೊದಲ ಅಕ್ಷರಗಳೇ ಸಿ ಮತ್ತು ಎಸ್.

ಹೆಸರಲ್ಲಿ ವಾಯು ಇದ್ದರೂ ಇದು ವಾಯು ಅಲ್ಲ, ಪುಡಿ. ಷೆಲ್ ಉರಿದಾಗ ಆ ಶಾಖಕ್ಕೆ ಪುಡಿ ಹೊಗೆಯಾಗಿ ಏಳುತ್ತದೆ, ತಣ್ಣಗಾಗಿ ಮತ್ತೆ ಸಣ್ಣ ಕಣವಾಗಿ ಕೂರುತ್ತದೆ. ಇದನ್ನು ಅರ್ಥ ಮಾಡಿಕೊಂಡರೆ ಸಿಎಸ್‌ನ ಒಳ್ಳೆಯದು, ಕೆಟ್ಟದ್ದು ಎರಡೂ ಅರ್ಥವಾಗುತ್ತದೆ.

ಒಳ್ಳೆಯದು: ದೂರದಿಂದ ಹಾಕಬಹುದು. ಕಲ್ಲು ತೂರುವ ಗುಂಪಿಗೂ ನಮಗೂ ನಡುವೆ ಅಂತರ ಉಳಿಯುತ್ತದೆ. ಲಾಠಿ ಬೀಸುವ ದೂರಕ್ಕೆ ಹೋಗಬೇಕಾಗಿಲ್ಲ, ಗೋಲಿಬಾರ್‌ವರೆಗೂ ಹೋಗಬೇಕಾಗಿಲ್ಲ. ತಾಗಿದ ಕೆಲವೇ ಕ್ಷಣಕ್ಕೆ ಕಣ್ಣು ಮುಚ್ಚುತ್ತದೆ, ಎದೆ ಬಿಗಿಯುತ್ತದೆ. ಗಾಳಿಗೆ ಬಂದರೆ ಹೆಚ್ಚಿನವರಿಗೆ ಹತ್ತು ನಿಮಿಷದಿಂದ ಅರ್ಧ ಗಂಟೆಯೊಳಗೆ ಸರಿಹೋಗುತ್ತದೆ.

ಕೆಟ್ಟದ್ದು: ಗಾಳಿ ಯಾರ ಮಾತೂ ಕೇಳುವುದಿಲ್ಲ. ಒಂದು ಊರಿನ ಬಸ್ ಸ್ಟ್ಯಾಂಡ್ ಎದುರು ನಾವು ಎರಡು ಷೆಲ್ ಹಾಕಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲನೆಯದು ಸರಿಯಾಗಿ ಬಿತ್ತು. ಎರಡನೆಯದು ಬೀಳುವಷ್ಟರಲ್ಲಿ ಗಾಳಿ ತಿರುಗಿತು. ಬಿಳಿ ಹೊಗೆ ರಸ್ತೆ ದಾಟಿ, ಒಂದು ನರ್ಸಿಂಗ್ ಹೋಮಿನ ತೆರೆದ ಕಿಟಕಿಗೆ ಹೋಯಿತು. ಒಳಗಿನಿಂದ ಹಸುಗೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಒಬ್ಬ ಹೆಂಗಸು ಮೆಟ್ಟಿಲಿಳಿದು ಓಡಿ ಬಂದರು. ನಾವೇ ಜೀಪಿನಲ್ಲಿ ಕೂರಿಸಿ ಮುಂದಿನ ಬೀದಿಗೆ ಬಿಟ್ಟೆವು. ಮಗುವಿಗೆ ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ನಾನು ಗ್ಯಾಸ್ ಗನ್ ಕೈಗೆತ್ತಿಕೊಳ್ಳುವ ಮೊದಲು ಕಿಟಕಿಗಳನ್ನು ಎಣಿಸುತ್ತಿದ್ದೆ.

ಇನ್ನೊಂದು ಕೆಟ್ಟದ್ದು ಉಳಿಯುವ ಗುಣ. ಪುಡಿ ಗೋಡೆ ಮೇಲೆ, ಪರದೆ ಮೇಲೆ, ಸೋಫಾ ಮೇಲೆ ಕೂರುತ್ತದೆ. ಕಸ ಗುಡಿಸಿದರೆ ಮತ್ತೆ ಏಳುತ್ತದೆ. ತೇವಕ್ಕೆ ಹಾಳಾಗದ ಹಾಗೆ ಸಿಲಿಕಾ ಬೆರೆಸಿದ ಬಗೆಯಂತೂ ವಾರಗಟ್ಟಲೆ ಉಳಿಯುತ್ತದೆ. ಆದ್ದರಿಂದ ಮನೆಯೊಳಗೆ, ಹಾಸ್ಟೆಲಿನೊಳಗೆ ಸಿಎಸ್ ಹಾಕುವುದು ಅಂದರೆ ಆ ದಿನದ ಗಲಾಟೆ ಮುಗಿದರೂ ಅಲ್ಲಿ ಇರುವವರಿಗೆ ಮುಗಿಯದ ತೊಂದರೆ.

ಷೆಲ್ ಅನ್ನೋದು ಬಿಸಿ ಲೋಹದ ಕೊಳವೆ ಅನ್ನುವುದನ್ನೂ ಮರೆಯಬಾರದು. ನೇರವಾಗಿ ಜನರ ಕಡೆ ಹೊಡೆದರೆ ತಲೆಬುರುಡೆ ಒಡೆಯುತ್ತದೆ, ಕಣ್ಣು ಹೋಗುತ್ತದೆ. ಒಣ ಹುಲ್ಲು, ತೆಂಗಿನ ಗರಿ, ಪೆಂಡಾಲಿನ ಬಟ್ಟೆ ಹತ್ತಿರ ಇದ್ದರೆ ಬೆಂಕಿ ಹತ್ತುತ್ತದೆ. ಅವಧಿ ಮೀರಿದ ಷೆಲ್ ಹೇಗೆ ಉರಿಯುತ್ತದೆ ಅಂತ ಯಾರೂ ಹೇಳಲಾರರು. ಸ್ಟೋರ್ ರೂಮಿನಲ್ಲಿ ದಿನಾಂಕ ನೋಡುವ ಕೆಲಸ ಸಣ್ಣದು ಅಲ್ಲ.

ನಮ್ಮ ದೇಶದಲ್ಲಿ ಇವುಗಳ ತಯಾರಿಕೆಗೆ ದೊಡ್ಡ ಹೆಸರು ಗ್ವಾಲಿಯರ್ ಹತ್ತಿರದ ಟೇಕನ್‌ಪುರದಲ್ಲಿರುವ ಬಿಎಸ್‌ಎಫ್‌ನ ಟಿಯರ್ ಸ್ಮೋಕ್ ಯುನಿಟ್. 2024ರ ಫೆಬ್ರವರಿಯಲ್ಲಿ ಪಂಜಾಬ್‌-ಹರಿಯಾಣ ನಡುವಿನ ಶಂಭು ಗಡಿಯಲ್ಲಿ ರೈತರ ಮೇಲೆ ಡ್ರೋನ್‌ನಿಂದಲೂ ಷೆಲ್ ಉದುರಿಸಿದರು. ಡ್ರೋನ್ ಬಂದರೆ ಪೊಲೀಸರು ಇನ್ನೂ ದೂರ ನಿಲ್ಲಬಹುದು, ನಿಜ. ಆದರೆ ಗುಂಪಿನ ನಡುವೆ ಮೇಲಿಂದ ಬೀಳುವ ಷೆಲ್‌ಗೆ ಜನ ಯಾವ ಕಡೆ ಓಡಬೇಕು ಅನ್ನುವುದೇ ತಿಳಿಯುವುದಿಲ್ಲ. ಗುಂಪಿನ ಮುಂದೆ ಹೊಗೆ ಬಿದ್ದರೆ ಜನ ಹಿಂದಕ್ಕೆ ಹೋಗುತ್ತಾರೆ, ನಡುವೆ ಬಿದ್ದರೆ ನಾಲ್ಕೂ ಕಡೆ ನುಗ್ಗುತ್ತಾರೆ. ನನಗೆ ಡ್ರೋನ್ ಬಗ್ಗೆ ಇರುವ ಅಳುಕು ಇದು.

ಒಸಿ: ಮೆಣಸಿನಕಾಯಿಯ ಎಣ್ಣೆ

ಪೆಪ್ಪರ್ ಸ್ಪ್ರೇ ಅಂದರೆ ಕಾಳುಮೆಣಸು ಅಲ್ಲ, ಮೆಣಸಿನಕಾಯಿ. ಕಾಯಿಯಿಂದ ತೆಗೆದ ಓಲಿಯೊರೆಸಿನ್ ಅನ್ನುವ ಗಟ್ಟಿ ಎಣ್ಣೆ, ಚಿಕ್ಕದಾಗಿ ಒಸಿ. ನಮ್ಮ ಬ್ಯಾಡಗಿಯಲ್ಲೂ ಮೆಣಸಿನಕಾಯಿಯಿಂದ ಓಲಿಯೊರೆಸಿನ್ ತೆಗೆಯುತ್ತಾರೆ, ಆದರೆ ಅದಕ್ಕೆ ಬೇಡಿಕೆ ಬಣ್ಣಕ್ಕಾಗಿ. ಬ್ಯಾಡಗಿಯಲ್ಲಿ ಖಾರ ಕಡಿಮೆ. ಸ್ಪ್ರೇಗೆ ಬೇಕಾದ್ದು ಉರಿ. ಈಶಾನ್ಯದ ಭೂತ್ ಜೊಲೊಕಿಯಾ ಮೆಣಸಿನಕಾಯಿಯಿಂದ ಗ್ರೆನೇಡ್ ಮಾಡುವ ಕೆಲಸಕ್ಕೆ ನಮ್ಮ ಡಿಆರ್‌ಡಿಒ ಕೈಹಾಕಿದ್ದೂ ಇದಕ್ಕೇ.

ಸಿಎಸ್‌ಗೂ ಒಸಿಗೂ ಮೈಯೊಳಗೆ ದಾರಿ ಬೇರೆ. ಬಿಸಿ ತಾಗಿತು ಅಂತ ಮೆದುಳಿಗೆ ಹೇಳುವ ನರದ ತುದಿಯನ್ನೇ ಖಾರ ಹೋಗಿ ತಟ್ಟುತ್ತದೆ. ಅದಕ್ಕೇ ಸುಟ್ಟಿರುವುದಿಲ್ಲ, ಸುಟ್ಟ ಹಾಗೆ ಉರಿಯುತ್ತದೆ. ಈ ನರದ ಬಾಗಿಲನ್ನು ಪತ್ತೆ ಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಸಿಎಸ್ ತಟ್ಟುವುದು ಪಕ್ಕದ ಇನ್ನೊಂದು ಬಾಗಿಲು, ಸಾಸಿವೆಯ ಘಾಟು ತಟ್ಟುವಂಥದ್ದು.

ಕೆಲಸದ ಲೆಕ್ಕದಲ್ಲಿ ವ್ಯತ್ಯಾಸ ಹೀಗಿದೆ. ಕುಡಿದು ನೋವೇ ಗೊತ್ತಾಗದ ಸ್ಥಿತಿಯಲ್ಲಿರುವವನಿಗೆ ಸಿಎಸ್ ತಾಗದೆ ಹೋಗಬಹುದು, ಒಸಿ ಕಣ್ಣಿಗೆ ಬಿದ್ದರೆ ರೆಪ್ಪೆ ತಾನೇ ಮುಚ್ಚಿಕೊಳ್ಳುತ್ತದೆ. ಹಾಗಂತ ಎಲ್ಲರ ಮೇಲೂ ಗ್ಯಾರಂಟಿ ಅಂತಲ್ಲ. ಕಣ್ಣು ಮುಚ್ಚಿಕೊಂಡೇ ಮೇಲೆ ಬಿದ್ದವರೂ ಇದ್ದಾರೆ. ಎಣ್ಣೆ ಆದ್ದರಿಂದ ಹರಡುವುದು ಕಡಿಮೆ, ಆದರೆ ಅಂಟಿಕೊಳ್ಳುತ್ತದೆ. ಉರಿ ಅರ್ಧ ಗಂಟೆಯಿಂದ ಒಂದು ಗಂಟೆ, ಕೆಲವರಿಗೆ ಇನ್ನೂ ಜಾಸ್ತಿ ಇರುತ್ತದೆ. ಉಬ್ಬಸ ಇರುವವರಿಗೆ ಇದು ಸಣ್ಣ ವಿಷಯ ಅಲ್ಲ. ಕಾಯಿ ಪ್ರತಿ ಬೆಳೆಗೂ ಬೇರೆ ಆಗುವುದರಿಂದ ಖಾರದ ಅಳತೆಯೂ ಡಬ್ಬಿಯಿಂದ ಡಬ್ಬಿಗೆ ಬದಲಾಗಬಹುದು. ಈ ಕೊರತೆ ತುಂಬಲು ಬಂದದ್ದು ಪಾವಾ.

ಪಾವಾ: ಅಳತೆ ಇರುವ ಖಾರ

ಪಾವಾ ಅಂದರೆ ಕಾರ್ಖಾನೆಯಲ್ಲಿ ಮಾಡಿದ ಖಾರ. ಮೆಣಸಿನಕಾಯಿಯಲ್ಲೂ ಅತಿ ಕಡಿಮೆ ಪ್ರಮಾಣದಲ್ಲಿ ಇರುವ ವಸ್ತುವೇ. ಅಳತೆ ಒಂದೇ ಸಮ ಇರುತ್ತದೆ. ಬ್ರಿಟಿಷ್ ಪೊಲೀಸರ ಡಬ್ಬಿಯಲ್ಲಿ ಇರುವುದು ಬರೀ 0.3%. ಹರಡುವ ಹೊಗೆಯಲ್ಲ, ನೇರ ಧಾರೆ. ಗುರಿ ತಪ್ಪಿದರೆ ಪಕ್ಕದವನಿಗೆ ತೊಂದರೆ ಕಡಿಮೆ. ಆದರೆ ಕಣ್ಣಿಗೆ ಬೀಳದಿದ್ದರೆ ಕೆಲಸವೂ ಕಡಿಮೆ. ಕನ್ನಡಕ, ಹೆಲ್ಮೆಟ್ ಹಾಕಿದವನ ಮುಂದೆ ಇದರ ಆಟ ನಡೆಯುವುದಿಲ್ಲ.

ಭಾರತದಲ್ಲಿ ಪಾವಾ ಹೆಸರು ಎಲ್ಲರ ಬಾಯಿಗೆ ಬಂದದ್ದು 2016ರಲ್ಲಿ. ಕಾಶ್ಮೀರದಲ್ಲಿ, ಸಣ್ಣ ಸಣ್ಣ ಗುಂಡು ಚೆಲ್ಲುವ ಪೆಲೆಟ್ ಗನ್‌ನಿಂದ ಹುಡುಗರ ಕಣ್ಣು ಹೋದವು. ಪೆಲೆಟ್‌ಗೆ ಬದಲಿ ಹುಡುಕಲು ಕೇಂದ್ರ ಗೃಹ ಸಚಿವಾಲಯ ಸಮಿತಿ ಮಾಡಿತು. ಲಕ್ನೋದ ವಿಷಶಾಸ್ತ್ರ ಸಂಶೋಧನಾ ಸಂಸ್ಥೆ ಪರೀಕ್ಷೆ ಮಾಡಿ ನೋಡಿದ್ದ ಪಾವಾ ಷೆಲ್‌ಗಳನ್ನು ಸೆಪ್ಟೆಂಬರ್‌ನಲ್ಲಿ ಕಣಿವೆಗೆ ಕಳಿಸಿದರು. ಆದರೂ ಪೆಲೆಟ್ ಗನ್ ನಿಲ್ಲಲಿಲ್ಲ. ನನ್ನ ಲೆಕ್ಕದಲ್ಲಿ ಕಾರಣ ಸರಳ. ಹತ್ತಿರದಿಂದ ಒಬ್ಬನ ಕಣ್ಣಿಗೆ ಹೊಡೆಯಲು ಹೇಳಿ ಮಾಡಿಸಿದ ವಸ್ತು ಪಾವಾ. ಅದನ್ನೇ ಬಯಲಿನ ಗುಂಪಿನ ಮೇಲೆ ಹಾಕಿದರೆ ಗಾಳಿಯಲ್ಲಿ ಅದರ ಬಲ ಕರಗುತ್ತದೆ. ಬಯಲಿಗೆ ಸಿಎಸ್, ಹತ್ತಿರಕ್ಕೆ ಪಾವಾ. ಹಾಗಾಗಿ ಆ ಪಿಎಸ್‌ಐ ಹುಡುಗನಿಗೆ ನಾನು ಹೇಳಿದ್ದು: ಎರಡರಲ್ಲಿ ಒಂದು ಆರಿಸಬೇಡಪ್ಪಾ, ಎರಡಕ್ಕೂ ಬೇರೆ ಬೇರೆ ಕೆಲಸ. ದುಡ್ಡು ಕಮ್ಮಿ ಇದ್ದರೆ ಷೆಲ್ ಸಂಖ್ಯೆ ಕಮ್ಮಿ ಮಾಡು, ಮಾಸ್ಕು ಮತ್ತು ಮೈಕು ಕಮ್ಮಿ ಮಾಡಬೇಡ. ಗುಂಪಿಗೆ ಮೊದಲು ಎಚ್ಚರಿಕೆ ಕೇಳಿಸಬೇಕು, ಹೋಗಲು ಹೊತ್ತು ಸಿಗಬೇಕು. ಹಳೆಯ ಸಿಆರ್‌ಪಿಸಿ ಬದಲು ಬಂದಿರುವ ಬಿಎನ್‌ಎಸ್‌ಎಸ್ ಕಾನೂನಿನ 148ನೇ ಕಲಂ ಕೂಡ ಮೊದಲು ಚದುರಲು ಆದೇಶ, ಆಮೇಲೆ ಬಲ ಅನ್ನುತ್ತದೆ.

ಒಂದು ಎಚ್ಚರ. ಹಲವು ಪಾವಾ ಮತ್ತು ಒಸಿ ಸ್ಪ್ರೇಗಳಲ್ಲಿ ಆಲ್ಕೋಹಾಲ್ ಬೆರೆತಿರುತ್ತದೆ. ಕರೆಂಟ್ ಶಾಕ್ ಕೊಡುವ ಟೇಸರ್ ಗನ್‌ನ ಕಿಡಿ ತಾಗಿದರೆ ಬೆಂಕಿ. ಎರಡನ್ನೂ ಇಟ್ಟುಕೊಳ್ಳುವ ಪಡೆ ಉರಿಯದ ದ್ರಾವಣದ ಡಬ್ಬಿಯನ್ನೇ ಕೇಳಿ ತರಿಸಬೇಕು.

ಜೈಲಿನ ಮಾತು ಬೇರೆ

ಇಲ್ಲಿ ನಿಂತು ಯೋಚಿಸಬೇಕು. ಬೀದಿಯಲ್ಲಿ ಜನ ಓಡಬಹುದು. ಬ್ಯಾರಕ್ಕಿನಲ್ಲಿ ಬೀಗ ನಮ್ಮ ಕೈಯಲ್ಲಿ. ಹಾಗಾದರೆ ಅಶ್ರುವಾಯುವಿನ ಇಡೀ ತರ್ಕವೇ, ಅಂದರೆ 'ಉರಿ ತಾಳಲಾರದೆ ಹೊರಗೆ ಹೋಗಲಿ' ಅನ್ನುವುದೇ, ಅಲ್ಲಿ ಬಿದ್ದುಹೋಗುತ್ತದೆ ಅಲ್ವಾ? ಬೀಗ ಹಾಕಿದ ಸೆಲ್ಲಿಗೆ ಸಿಎಸ್ ಹಾಕುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ಆದರೆ ವಾರ್ಡರ್‌ಗಳ ಭಯವೂ ಸುಳ್ಳಲ್ಲ. 2013ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಫೆಡರಲ್ ಜೈಲೊಂದರಲ್ಲಿ ಎರಿಕ್ ವಿಲಿಯಮ್ಸ್ ಅನ್ನುವ ಅಧಿಕಾರಿಯನ್ನು ಕೈದಿಯೊಬ್ಬ ಕೊಂದ. ಅವರು ಒಬ್ಬರೇ ಡ್ಯೂಟಿಯಲ್ಲಿದ್ದರು. 2016ರಲ್ಲಿ ಅವರ ಹೆಸರಿನಲ್ಲೇ ಕಾನೂನು ಬಂತು. ಕಡಿಮೆ ಭದ್ರತೆಯ ಜೈಲುಗಳನ್ನು ಬಿಟ್ಟು ಉಳಿದ ಫೆಡರಲ್ ಜೈಲುಗಳಲ್ಲಿ ಸಿಬ್ಬಂದಿಗೆ ಒಸಿ ಸ್ಪ್ರೇ ಕೊಡಬೇಕು ಅಂತ ಆಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಾಲ್ಕು ಜೈಲುಗಳಲ್ಲಿ ಪ್ರಯೋಗ ಮಾಡಿ, 2018ರಲ್ಲಿ ವಯಸ್ಕ ಗಂಡಸರ ಜೈಲುಗಳ ಸಿಬ್ಬಂದಿಗೆ ಪಾವಾ ಕೊಡುವ ತೀರ್ಮಾನ ಆಯಿತು. 2025ರಲ್ಲಿ 18ರೊಳಗಿನ ಹುಡುಗರನ್ನು ಇಡುವ ಕಡೆಗೂ ಅದು ಹೋಯಿತು. ಇದು ನನಗೆ ಸರಿ ಕಾಣುವುದಿಲ್ಲ. ಹುಡುಗರ ಮೈ ಬೇರೆ, ಮನಸ್ಸು ಬೇರೆ.

ಜೈಲಿಗೆ ಆರಿಸಲೇಬೇಕು ಅಂದರೆ ಕ್ರಮ ಹೀಗಿರಲಿ. ಮಂಜಿನ ಹಾಗೆ ಹರಡುವ ಫಾಗ್ ಸ್ಪ್ರೇ ಬೇಡ. ಜೆಲ್ ಅಥವಾ ನೇರ ಧಾರೆಯ ಪಾವಾ, ಅದೂ ಬಯಲಂಗಳದಲ್ಲಿ, ಹೊಡೆದಾಟ ನಡೆಯುತ್ತಿರುವಾಗ, ಯಾರದ್ದಾದರೂ ಜೀವಕ್ಕೆ ಕುತ್ತು ಬಂದಾಗ. ಮಾತು ಕೇಳಲಿಲ್ಲ ಅಂತ, ಊಟದ ತಟ್ಟೆ ಎಸೆದ ಅಂತ, ಸೆಲ್ಲಿನಿಂದ ಬರಲಿಲ್ಲ ಅಂತ ಹೊಡೆಯುವುದು ಶಿಕ್ಷೆ ಆಗುತ್ತದೆ. ಯಾವ ಕೈದಿಗೆ ಉಬ್ಬಸ ಇದೆ ಅನ್ನುವ ಪಟ್ಟಿ ಗಾರ್ಡ್ ರೂಮಿನಲ್ಲಿ ಇರಬೇಕು. ಪ್ರತಿ ಬಳಕೆಯೂ ಹೊತ್ತಿನ ಸಮೇತ ಪುಸ್ತಕದಲ್ಲಿ ಬರೆಯಬೇಕು. ಮತ್ತೆ, ಸಿಬ್ಬಂದಿ ಕಡಿಮೆ ಇರುವ ಜೈಲಿಗೆ ನೂರು ಡಬ್ಬಿ ತರಿಸುವ ಬದಲು ರಾತ್ರಿ ಪಾಳಿಗೆ ಇನ್ನಿಬ್ಬರನ್ನು ಹಾಕುವುದಕ್ಕೆ ನನ್ನ ವೋಟು. ಎರಿಕ್ ವಿಲಿಯಮ್ಸ್ ಒಬ್ಬರೇ ಇದ್ದರು ಅನ್ನುವುದನ್ನು ಡಬ್ಬಿ ಸರಿಮಾಡುವುದಿಲ್ಲ.

ಕೈಚೀಲದ ಡಬ್ಬಿ

ನರ್ಸ್ ಹುಡುಗಿಗೆ ನಾನು ಹೇಳಿದ್ದು. ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ಮೂರು ಥರ: ಫಾಗ್, ಧಾರೆ, ಜೆಲ್. ಫಾಗ್‌ಗೆ ಗುರಿ ಬೇಡ, ಆದರೆ ಗಾಳಿ ಎದುರಿದ್ದರೆ ನಮ್ಮ ಮುಖಕ್ಕೇ ಬರುತ್ತದೆ. ಜೆಲ್ ಹಾರುವುದಿಲ್ಲ, ಆಟೋದೊಳಗೆ, ಲಿಫ್ಟಿನೊಳಗೆ ಅದೇ ಮೇಲು, ಆದರೆ ಮುಖಕ್ಕೇ ಬೀಳಬೇಕು. ಧಾರೆ ಎರಡರ ನಡುವೆ. ರಸ್ತೆಯಲ್ಲಿ ನಡೆದು ಹೋಗುವವರಿಗೆ ಧಾರೆ ಸಾಕು. ಕೆಲವು ನೂರು ರೂಪಾಯಿಯ ವಸ್ತು, ಒಂದರ ಬದಲು ಎರಡು ತಗೊಳ್ಳಿ. ಒಂದನ್ನು ಬಯಲಿನಲ್ಲಿ ಗಾಳಿಗೆ ಬೆನ್ನು ಮಾಡಿ ಒತ್ತಿ ನೋಡಿ. ಲಾಕ್ ಯಾವ ಕಡೆ ತಿರುಗುತ್ತದೆ ಅನ್ನುವುದು ಕತ್ತಲೆಯಲ್ಲಿ ಬೆರಳಿಗೆ ಗೊತ್ತಿರಬೇಕು. ಒಂದು ಮೀಟರ್‌ಗಿಂತ ಹತ್ತಿರ ಹೊಡೆದರೆ ರಭಸಕ್ಕೇ ಕಣ್ಣಿಗೆ ಪೆಟ್ಟಾಗುತ್ತದೆ.

ಮುಚ್ಚಿದ ಜಾಗದಲ್ಲಿ ಒಂದು ಪುಟ್ಟ ಡಬ್ಬಿ ಏನು ಮಾಡುತ್ತದೆ ಅಂತ ಇಡೀ ದೇಶ ನೋಡಿದೆ. 2014ರ ಫೆಬ್ರವರಿ 13ರಂದು ಲೋಕಸಭೆಯಲ್ಲೇ ಒಬ್ಬ ಸಂಸದರು ಸ್ಪ್ರೇ ಒತ್ತಿದರು. ಸದಸ್ಯರು ಕಣ್ಣುಜ್ಜುತ್ತಾ ಕೆಮ್ಮುತ್ತಾ ಹೊರಗೆ ಓಡಿದರು, ಕೆಲವರನ್ನು ಆಸ್ಪತ್ರೆಗೆ ಒಯ್ದರು. ಕಾನೂನಿನ ಎಚ್ಚರವೂ ಇರಲಿ. 2024ರಲ್ಲಿ ನಮ್ಮ ಹೈಕೋರ್ಟ್ ಒಂದು ಆಸ್ತಿ ಜಗಳದ ಪ್ರಕರಣದಲ್ಲಿ ಪೆಪ್ಪರ್ ಸ್ಪ್ರೇಯನ್ನು ಅಪಾಯಕಾರಿ ಆಯುಧ ಅಂದಿತು. ಜೀವಕ್ಕೆ ಅಪಾಯ ಇಲ್ಲದಾಗ ಬಳಸಿ ಆತ್ಮರಕ್ಷಣೆ ಅಂದರೆ ನಡೆಯುವುದಿಲ್ಲ.

ತಾಗಿದ ಮೇಲೆ

ಯಾವುದನ್ನೇ ಆರಿಸಿ, ಇದು ಗೊತ್ತಿಲ್ಲದೆ ಕೈಗೆತ್ತಿಕೊಳ್ಳಬೇಡಿ. ಮೊದಲು ಗಾಳಿ. ಆಮೇಲೆ ನೀರು, ಬೇಕಾದಷ್ಟು ನೀರು. ಕಣ್ಣುಜ್ಜಬಾರದು. ಕಾಂಟ್ಯಾಕ್ಟ್ ಲೆನ್ಸ್ ತೆಗೆದು ಎಸೆಯಬೇಕು. ಖಾರದ ಸ್ಪ್ರೇ ಆದರೆ ಚರ್ಮವನ್ನು ಸೋಪು ಹಾಕಿ ತೊಳೆಯಬೇಕು. ಎಣ್ಣೆ, ಕ್ರೀಮ್ ಹಚ್ಚಬಾರದು. ಹಾಲು ಹಾಕಿ, ಬೇಬಿ ಶಾಂಪೂ ಹಾಕಿ ಅಂತ ಹೇಳುತ್ತಾರೆ. ಹೋಲಿಸಿ ನೋಡಿದ ಪರೀಕ್ಷೆಯಲ್ಲಿ ಅವಕ್ಕೂ ಬರೀ ನೀರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಉರಿ ಇಳಿಸಿದ್ದು ಹೊತ್ತು. ಹಿಡಿದವನನ್ನು ಬೋರಲು ಹಾಕಿ ಬೆನ್ನ ಮೇಲೆ ಕೂರಬಾರದು. ಕೂರಿಸಿ, ಉಸಿರು ನೋಡುತ್ತಾ ಇರಿ. ಮಾತು ತಡವರಿಸಿದರೆ, ಎದೆಯಲ್ಲಿ ಸಿಳ್ಳೆ ಕೇಳಿದರೆ ಆಸ್ಪತ್ರೆ.

ಬಟ್ಟೆ ಬೇರೆ ಒಗೆಯಿರಿ. ಒಂದು ಸಲ ಬಂದೋಬಸ್ತ್ ಮುಗಿಸಿ ರಾತ್ರಿ ಮನೆಗೆ ಬಂದಾಗ ಮಗಳು ಓಡಿ ಬಂದು ಕಾಲು ತಬ್ಬಿಕೊಂಡಳು. ನನಗೆ ಉರಿ ಹೋಗಿ ಎರಡು ಗಂಟೆ ಆಗಿತ್ತು. ಪ್ಯಾಂಟಿನ ಮಡಿಕೆಯಲ್ಲಿ ಪುಡಿ ಕೂತಿದ್ದು ನೆನಪಿಗೇ ಬರಲಿಲ್ಲ. ಐದು ನಿಮಿಷಕ್ಕೆ ಅವಳು ಕಣ್ಣುಜ್ಜಿ ಅಳತೊಡಗಿದಳು. ಬಚ್ಚಲಿಗೆ ಎತ್ತಿಕೊಂಡು ಹೋಗಿ ಚೊಂಬಿನಿಂದ ನೀರು ಹೊಯ್ಯುತ್ತಾ ಕೂತೆ. ಆಮೇಲಿಂದ ಕೊನೆಯ ಡ್ಯೂಟಿಯವರೆಗೂ ಹಿತ್ತಿಲಲ್ಲೇ ಯೂನಿಫಾರ್ಮ್ ಬಿಚ್ಚಿ, ಕೈಕಾಲು ಮುಖ ತೊಳೆದೇ ಒಳಗೆ ಬರುತ್ತಿದ್ದೆ.